ಎಂಜಿನ್ ಸಿಕಂದರ್ ಮತ್ತು ಬಾತಿಯ ಗಾಳಿಚಕ್ರ

ಸಿಕಂದರ್ ಕೂತಿದ್ದನ್ನು ನೋಡಿದವರು ದಾವಣಗೆರೆಯಲ್ಲಿ ಕಡಿಮೆ. ಚಹಾ ಕುಡಿಯುವಾಗಲೂ ಅವನು ನಿಂತೇ ಕುಡಿಯುತ್ತಿದ್ದ, ಅದೂ ಒಂದು ಕೈಯನ್ನು ಸೈಕಲ್ಲಿನ ಮೇಲಿಟ್ಟುಕೊಂಡು. ಮದುವೆಯ ದಿನ ಖಾಜಿಯವರು ನಿಕಾಹ್ ಓದುತ್ತಿರುವಾಗ ಪಕ್ಕದ ಹಿಟ್ಟಿನ ಗಿರಣಿಯ ಎಂಜಿನ್ ಒಂದು ಹೊಡೆತ ತಪ್ಪಿದ್ದು ಕಿವಿಗೆ ಬಿದ್ದು ಮದುಮಗ ಅರ್ಧ ಎದ್ದುಬಿಟ್ಟಿದ್ದನಂತೆ. ಅವನ ಹೆಂಡತಿ ರಶೀದಾ ಬೀಡಿ ಕಟ್ಟುತ್ತ ಕೂತ ಹೆಂಗಸರಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಅವಳಿಗೆ ಬೇಸರವಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನನ್ನು ತಂದು ನನಗೆ ಗಂಟು ಹಾಕಿದರು ಎಂದು ಕೊನೆಗೆ ಒಂದು ಮಾತು ಸೇರಿಸುತ್ತಾಳೆ.

ಅವನ ಕಸುಬು ಡೀಸೆಲ್ ಎಂಜಿನ್ ರಿಪೇರಿ. ಎಂಬತ್ತರ ದಶಕ ಶುರುವಾಗಿದ್ದ ಕಾಲ ಅದು. ತೋಟಗಳಿಗೆ ಕರೆಂಟು ಇನ್ನೂ ಅಲ್ಲೊಂದು ಇಲ್ಲೊಂದು ಬಂದಿತ್ತು, ಬಂದ ಕಡೆಯೂ ಅದು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಹಾಗಾಗಿ ಬಾತಿಯಿಂದ ಹಿಡಿದು ಮಾಯಕೊಂಡದ ತನಕ ಬಾವಿ ಬಾವಿಗೂ ಎಂಜಿನ್ನು, ಎಂಜಿನ್ ಕೆಟ್ಟರೆ ಸಿಕಂದರ್. ಅವನು ಬಂದು ಸೈಕಲ್ ಒರಗಿಸಿ, ಎಂಜಿನ್ ಕೂಡಿಸಿದ ಗುಂಡಿಗೆ ಇಳಿದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಒಂದೇ ಮಾತು: ನಾಜಲ್ ಕಟ್ಟೈತೆ, ಇಲ್ಲವೇ ರಿಂಗ್ ಹೋಗೈತೆ. ಬಹಳ ಸಲ ಅದು ಸರಿಯಿರುತ್ತಿತ್ತು. ತಪ್ಪಿದ್ದನ್ನು ಜನ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ರಿಪೇರಿಗೆ ಅವನು ಕೂಲಿ ತೆಗೆದುಕೊಳ್ಳುತ್ತಿದ್ದ, ಮಾತಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಯಾವ ಕಂಪನಿಯ ಎಂಜಿನ್ ತರಲಿ, ಹಳೆಯದನ್ನು ಇಟ್ಟುಕೊಳ್ಳಲೋ ತೆಗೆದುಹಾಕಲೋ ಎಂದು ಕೇಳಿದವರಿಗೆಲ್ಲ ಪೆಡಲ್ ತುಳಿಯುತ್ತಲೇ ಉತ್ತರ ಎಸೆದು ಹೋಗುತ್ತಿದ್ದ. ಯಾರ ಹಂಗೂ ಇಲ್ಲದ ಮಾತು. ಸಿಕಂದರ್ ಹೇಳಿದ ಅಂದರೆ ಸಂತೆಯಲ್ಲಿ ಅದರ ಮೇಲೆ ಎರಡನೇ ಮಾತಿರುತ್ತಿರಲಿಲ್ಲ. ಎರಡು ಕೋಣೆಯ ಮನೆ, ಒಂದು ಸೈಕಲ್ಲು, ನಟ್ಟು ಬಿಚ್ಚುವ ಪಾನಾಗಳದೊಂದು ಚೀಲ ಬಿಟ್ಟರೆ ಅವನ ಆಸ್ತಿ ಅಂತ ಇದ್ದದ್ದು ಆ ಮಾತೊಂದೇ. ಅದರ ಬಗ್ಗೆ ಅವನಿಗೆ ಒಳಗೊಳಗೇ ಸೊಕ್ಕೂ ಇತ್ತು.

ಈ ಆಸ್ತಿಯ ಬೆಲೆ ಅವನಿಗಿಂತ ಚೆನ್ನಾಗಿ ತಿಳಿದವನು ಉಜ್ಜನಪ್ಪ. ಮಂಡಿಪೇಟೆಯಲ್ಲಿ ಅವನ ಅಂಗಡಿ. ಎಂಜಿನ್ನು, ಪಂಪು, ಬೆಲ್ಟು, ಆಯಿಲ್ ಡಬ್ಬ, ಹಿಂದಿನ ಗೋದಾಮಿನ ತುಂಬ ಡೀಸೆಲ್ ಪೀಪಾಯಿ. ಹರಿಹರದಲ್ಲೂ ಒಂದು ಅಂಗಡಿ ಇತ್ತು. ಉಜ್ಜನಪ್ಪ ದನಿ ಎತ್ತಿದ್ದನ್ನು ಅವನ ಹೆಂಡತಿಯೂ ಕೇಳಿರಲಿಕ್ಕಿಲ್ಲ. ಬಂದವರಿಗೆ ಚಹಾ ತರಿಸಿ, ದನಕರುಗಳ ಕ್ಷೇಮ ವಿಚಾರಿಸಿ, ಆಮೇಲೆ ವ್ಯಾಪಾರ. ಸಿಕಂದರ್ ಅವನ ಆಳಲ್ಲ. ಅಂಗಡಿಯ ಕಟ್ಟೆಯ ಮೇಲೆ ಪಾನಾ ಚೀಲ ಇಡಲು ಒಂದಿಷ್ಟು ಜಾಗ, ಕೆಟ್ಟ ಎಂಜಿನ್ನುಗಳ ಸುದ್ದಿ ಬಂದು ಸೇರುವುದು ಅಲ್ಲಿಗೆ, ಅಷ್ಟೇ ಸಂಬಂಧ. ಈ ಮಾಡಲ್ ಬ್ಯಾಡ ಎಂದು ಸಿಕಂದರ್ ಗಿರಾಕಿಯ ಮುಂದೆಯೇ ಹೇಳಿಬಿಟ್ಟರೂ ಉಜ್ಜನಪ್ಪ ನಕ್ಕು ಬೇರೆಯದನ್ನು ತೋರಿಸುತ್ತಿದ್ದ. ಬ್ಯಾಡ ಎನ್ನುವವನು ಹೂಂ ಎಂದಾಗ ಅದಕ್ಕೆ ಎಷ್ಟು ತೂಕ ಬರುತ್ತದೆ ಎಂಬುದು ವ್ಯಾಪಾರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು.

ಇಂಥ ಹೊತ್ತಿನಲ್ಲಿ ಬಾತಿಗೆ ಗಾಳಿಚಕ್ರ ಬಂತು. ಸರ್ಕಾರದ ಯೋಜನೆ. ಡೀಸೆಲ್ ಸುಡುವುದು ಬೇಡ, ಕರೆಂಟಿಗೆ ಕಾಯುವುದು ಬೇಡ, ಎತ್ತರದ ಕಬ್ಬಿಣದ ಕಂಬದ ಮೇಲೆ ಚಕ್ರ ತಿರುಗಿದರೆ ಬಾವಿಯ ನೀರು ತಾನೇ ಮೇಲೆ ಬರುತ್ತದೆ ಎಂದರು. ಮೊದಲು ನಮೂನೆಗೆ ಒಂದು, ಅದು ಸರಿಯಾಗಿ ನಡೆದರೆ ಅರ್ಜಿ ಹಾಕಿದ ತೋಟಗಳಿಗೆಲ್ಲ ಒಂದೊಂದು. ಅರ್ಜಿ ಬಹಳ ಮಂದಿ ಹಾಕಿದರು, ನಮೂನೆ ನನ್ನ ತೋಟದಲ್ಲಿರಲಿ ಎನ್ನುವ ಎದೆ ಮಾತ್ರ ಯಾರಿಗೂ ಇರಲಿಲ್ಲ. ಕೊನೆಗೆ ಮುಂದೆ ಬಂದವಳು ಗಿರಿಯಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಗುಡ್ಡದ ಮಗ್ಗುಲಿಗೆ ಅವಳದೊಂದು ಎಲೆತೋಟ. ವೀಳ್ಯದೆಲೆಯ ಬಳ್ಳಿ ಹಸುಗೂಸಿದ್ದಂತೆ, ಹೊತ್ತಿಗೆ ಸರಿಯಾಗಿ ನೀರು ಬೇಕು. ಎಂಜಿನ್ನಿನ ಹ್ಯಾಂಡಲ್ ಹೊಡೆಯಲು ದಿನಾ ಒಬ್ಬರ ಕೈಕಾಲು ಹಿಡಿದು, ಡೀಸೆಲ್ಲಿಗೆ ಕ್ಯಾನು ಹಿಡಿದು ಹರಿಹರದಲ್ಲಿ ಸರತಿ ನಿಂತು, ಗುಂಡಿಯ ಹೊಗೆಗೆ ಕಣ್ಣು ಉಜ್ಜಿಕೊಂಡು ಅವಳಿಗೆ ಸಾಕುಬೇಕಾಗಿತ್ತು. ಚಕ್ರ ಬಂದದ್ದೇ ತಡ, ಆ ಎಂಜಿನ್ನಿನ ಮುಖ ಇನ್ನು ನೋಡಬಾರದು ಎಂದು ಅದನ್ನು ಗುಜರಿಗೆ ಹಾಕಿಬಿಟ್ಟಳು.

ಮಾಘ ಮಾಸದಲ್ಲಿ ಕಂಬ ಎದ್ದಿತು. ಮೂಡಗಾಳಿಗೆ ಚಕ್ರ ಸದ್ದಿಲ್ಲದೆ ತಿರುಗಿ ಕಾಲುವೆಗೆ ನೀರು ಬಿತ್ತು. ನೋಡಲು ಸುತ್ತಲಿನ ಊರುಗಳೇ ಬಂದವು. ಇಷ್ಟು ಮಂದಿಯ ಕಣ್ಣು ಬಿದ್ದ ಮೇಲೆ ದೃಷ್ಟಿಗೆ ಏನಾದರೂ ಕಟ್ಟದಿದ್ದರೆ ಹೇಗೆ? ಹೊಸ ಮನೆಗೆ, ಹೊಸ ಟ್ರ್ಯಾಕ್ಟರಿಗೆ ಮಾಡುವ ಹಾಗೆ ಗಿರಿಯಮ್ಮ ಒಂದು ದೊಡ್ಡ ಬೂದುಗುಂಬಳಕಾಯಿಗೆ ಅರಿಶಿನ ಕುಂಕುಮ ಬಳಿದು, ಎಲ್ಲರ ಕಣ್ಣು ಮೊದಲು ಅದರ ಮೇಲೆ ಬೀಳಬೇಕು, ತುದಿಗೇ ಕಟ್ಟು ಎಂದು ತೆಂಗಿನ ಮರ ಹತ್ತುವ ಕಾಟಪ್ಪನನ್ನು ಕಂಬ ಹತ್ತಿಸಿದಳು. ಚಕ್ರದ ಹಿಂದೆ ಅಗಲವಾದ ತಗಡಿನ ಬಾಲವಿತ್ತು, ಅದಕ್ಕೆ ಕಟ್ಟಿದ. ಯಾರ ತಲೆಯ ಮೇಲೂ ಬೀಳಬಾರದು, ಗಟ್ಟಿ ಕಟ್ಟು ಎಂದು ಅವಳು ಕೆಳಗಿನಿಂದ ಕೂಗಿದಳು. ಕಾಟಪ್ಪ ಗಟ್ಟಿಯಾಗಿಯೇ ಕಟ್ಟಿದ. ಚಕ್ರ ಕೂಡಿಸಿದ ಸರ್ಕಾರದ ಮಂದಿ ಹಿಂದಿನ ದಿನವೇ ಜೀಪು ಹತ್ತಿ ಹೋಗಿದ್ದರು.

ಯುಗಾದಿ ಕಳೆಯಿತು, ಬಿಸಿಲು ಏರಿತು, ಪಡುವಣ ಗಾಳಿ ಎದ್ದಿತು. ಮೂಡಗಾಳಿಗಿಂತ ಜೋರಾದ ಗಾಳಿ ಅದು. ಅಂಥ ಗಾಳಿಯಲ್ಲಿ ಚಕ್ರ ನಿಂತುಬಿಟ್ಟಿತು. ಅರೆಸುತ್ತು ಹಿಂದಕ್ಕೆ, ಅರೆಸುತ್ತು ಮುಂದಕ್ಕೆ ತೂಗಾಡುವುದು, ಮತ್ತೆ ಸುಮ್ಮನಾಗುವುದು. ಬಳ್ಳಿಗೆ ನೀರು ಬಹಳ ಬೇಕಾದ ದಿನಗಳು. ಗಿರಿಯಮ್ಮ ಸಿಕಂದರ್‌ಗೆ ಹೇಳಿಕಳಿಸಿದಳು.

ಅವನು ಬಂದ, ಆದರೆ ಅವನ ಮನಸ್ಸು ಆಗಲೇ ಮಾಯಕೊಂಡದಲ್ಲಿತ್ತು. ಅಲ್ಲಿ ಎರಡು ಎಂಜಿನ್ನು ಕಾಯುತ್ತಿದ್ದವು. ರೂಢಿಯಂತೆ ಸ್ಕ್ರೂಡ್ರೈವರನ್ನು ಕಂಬದ ಕಾಲಿಗೆ ಇಟ್ಟು ಕಿವಿ ಕೊಟ್ಟ. ಏನೂ ಕೇಳಲಿಲ್ಲ. ಸದ್ದು ಮಾಡದ್ದು ಒಂದು ಯಂತ್ರವೇ ಎಂಬ ಗುಮಾನಿ ಅವನಿಗೆ ಮೊದಲಿನಿಂದಲೂ ಇತ್ತು. ಹತ್ತಿ ನೋಡುವುದಿಲ್ಲವೇ ಎಂದು ಗಿರಿಯಮ್ಮ ಕೇಳಿದಾಗ ಅವನು ತಲೆಯೆತ್ತಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಅವನ ಬದುಕೆಲ್ಲ ಗುಂಡಿಗೆ ಇಳಿಯುವುದರಲ್ಲೇ ಕಳೆದಿತ್ತು, ಮೇಲೆ ಹತ್ತುವ ಕೆಲಸ ಎಂದೂ ಬಿದ್ದಿರಲಿಲ್ಲ. ಕಾಲು ಪೆಡಲಿನ ಮೇಲೆ ಹೋಗಿ ಕೂತಿತ್ತು.

"ನಮ್ಮ ಸೀಮೆ ಗಾಳಿಗೆ ಇದು ಒಗ್ಗಂಗಿಲ್ಲ ಬಿಡಕ್ಕ" ಎಂದ, ಮತ್ತು ಹೋದ.

ಸಂಜೆ ಅಂಗಡಿಯ ಕಟ್ಟೆಯ ಹತ್ತಿರ ಉಜ್ಜನಪ್ಪ ಬಾತಿಯ ಸಮಾಚಾರ ಕೇಳಿದ. ಸಿಕಂದರ್ ಅದೇ ಮಾತನ್ನು ಹೇಳಿದ. ಉಜ್ಜನಪ್ಪ ಇನ್ನೊಂದು ಚಹಾ ತರಿಸಿದ. ಆ ವಾರವೇ ದಾವಣಗೆರೆ ಹರಿಹರದ ಎಂಜಿನ್ ಮತ್ತು ಎಣ್ಣೆ ವ್ಯಾಪಾರಿಗಳು ಅವನ ಅಂಗಡಿಯ ಹಿಂಬದಿ ಸೇರಿದರು. ಎಲ್ಲರಿಗೂ ಗಾಳಿಚಕ್ರದ ಚಿಂತೆ. ಸರ್ಕಾರಕ್ಕೆ ಬರೆಯೋಣ ಎಂದ ಒಬ್ಬ, ದೊಡ್ಡವರಿಂದ ಹೇಳಿಸೋಣ ಎಂದ ಇನ್ನೊಬ್ಬ. ಉಜ್ಜನಪ್ಪನ ಮೆಲುದನಿ ಹೊರಗೆ ಕಟ್ಟೆಯ ಹತ್ತಿರ ನಿಂತಿದ್ದ ಸಿಕಂದರ್‌ಗೂ ಕೇಳಿಸಿತು. "ನಾವ್ಯಾಕ ಬಾಯಿ ಕೆಡಿಸ್ಕೊಳ್ಳಾಣ? ಸಿಕಂದರ್ ಸಾಬ್ರು ಹೇಳಿದ್ದನ್ನ ನಾಲ್ಕು ಮಂದಿಗೆ ಹೇಳ್ರಿ, ಸಾಕು." ನಿಜ ಹೇಳಬೇಕೆಂದರೆ ಸಿಕಂದರ್‌ಗೆ ಆಗ ಹೆಮ್ಮೆಯೇ ಆಯಿತು. ಇಷ್ಟು ದೊಡ್ಡ ವ್ಯಾಪಾರಿಗಳು ತನ್ನ ಮಾತನ್ನು ಹಿಡಿದು ನಡೆಯುತ್ತಾರಲ್ಲ ಎಂದುಕೊಂಡ.

ಆ ಮಾತು ಅವನ ಸೈಕಲ್ಲಿಗಿಂತ ಬೇಗ ಓಡಿತು. ಅರ್ಜಿ ಹಾಕಿದ್ದವರು ಒಬ್ಬೊಬ್ಬರಾಗಿ ಅರ್ಜಿ ವಾಪಸ್ಸು ತೆಗೆದುಕೊಂಡರು, ಸರ್ಕಾರದ ಯೋಜನೆ ಅಲ್ಲಿಗೇ ನಿಂತಿತು. ಮಾಯಕೊಂಡದ ಮಾಲತೇಶಪ್ಪ, ತರಕಾರಿ ಬೆಳೆಯುವವನು, ಚಕ್ರಕ್ಕೆಂದು ಹಾಕಿಸಿದ್ದ ಪಾಯವನ್ನು ಹಾಗೇ ಬಿಟ್ಟು ಉಜ್ಜನಪ್ಪನಲ್ಲಿ ಎಂಜಿನ್ ಕೊಂಡ. ಗಿರಿಯಮ್ಮ ಬಾಡುತ್ತಿದ್ದ ಬಳ್ಳಿ ನೋಡಲಾರದೆ ಎರಡು ಎಮ್ಮೆ ಮಾರಿದಳು, ಅದೇ ಅಂಗಡಿಯಿಂದ ಎಂಜಿನ್ ತಂದಳು. ಹೊಗೆ ಮತ್ತೆ ಅವಳ ಗುಂಡಿಗೆ ಬಂತು.

ಇಲ್ಲಿಂದ ಸಿಕಂದರ್‌ಗೆ ಒಂದು ತಳಮಳ ಹತ್ತಿಕೊಂಡಿತು. ಯಾಕೆ ಎಂದು ಅವನಿಗೇ ಗೊತ್ತಿಲ್ಲ. ಆ ವರ್ಷ ಪಡುವಣ ಗಾಳಿ ಮಂಡಿಪೇಟೆಯ ಬೋರ್ಡುಗಳನ್ನು ಕಿತ್ತು ಎಸೆಯುವಷ್ಟು ಬೀಸಿತು. ಸೈಕಲ್ ತುಳಿಯುವಾಗ ಅದು ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು. ನನ್ನನ್ನು ತಳ್ಳುವ ಗಾಳಿಗೆ ಆ ತಗಡನ್ನು ತಳ್ಳಲು ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆ ಎದ್ದಿತು, ಎದ್ದದ್ದು ಕೂರಲಿಲ್ಲ. ಊಟಕ್ಕೆ ಕೂತವನು ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದ. ಏನು ಹುಡುಕುತ್ತೀರಿ ಎಂದು ರಶೀದಾ ಕೇಳಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡುತ್ತಿದ್ದೇನೆ ಎನ್ನುತ್ತಿದ್ದ. ಗಂಡನಿಗೆ ತಲೆ ಕೆಟ್ಟಿತೇನೋ ಎಂದು ಅವಳಿಗೆ ದಿಗಿಲಾಯಿತು.

ಒಂದು ದಿನ ಹರಿಹರದ ಲೇತ್ ಅಂಗಡಿಯಲ್ಲಿ ಸಾಮಾನು ಮಾಡಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಬಾತಿ ಹತ್ತಿರವಾದಾಗ ಗುಡ್ಡದ ಮೇಲಿನ ದರ್ಗಾದ ಹಸಿರು ನಿಶಾನೆ ಕಂಡಿತು. ಗಾಳಿಗೆ ಅದು ಮೂಡಣಕ್ಕೆ, ದಾವಣಗೆರೆಯ ಕಡೆ ನೆಟ್ಟಗೆ ಹಾರುತ್ತಿತ್ತು. ಅದರ ಕೆಳಗೆ ಗಿರಿಯಮ್ಮನ ಚಕ್ರದ ಬಾಲ ಪಡುವಣಕ್ಕೆ, ಹರಿಹರದ ಕಡೆ ತಿರುಗಿತ್ತು. ಎರಡೂ ಒಂದೇ ಗಾಳಿಯಲ್ಲಿ ನಿಂತಿವೆ, ಒಂದು ಆಚೆ ನೋಡುತ್ತದೆ, ಒಂದು ಈಚೆ. ಬಾಲ ಇರುವುದು ಗಾಳಿ ಹೊಡೆದ ಕಡೆ ಹೊರಳಿ ಚಕ್ರದ ಮುಖವನ್ನು ಗಾಳಿಗೆ ಕೊಡಲಿಕ್ಕೆ. ಅದು ಹೊರಳಿಯೇ ಇಲ್ಲ. ಸಿಕಂದರ್ ಬಸ್ಸಿನ ತಗಡು ಬಡಿದು ಇಳಿದುಬಿಟ್ಟ.

ಗಿರಿಯಮ್ಮ ಅವನನ್ನು ಕಂಡು ಮುಖ ತಿರುಗಿಸಿದಳು. ಅವನು ಚಪ್ಪಲಿ ಬಿಟ್ಟು ಕಂಬ ಹತ್ತಿದ. ಗಾಳಿ ಅಂಗಿಯೊಳಗೆ ನುಗ್ಗಿ ಎಳೆದಾಡುತ್ತಿತ್ತು. ಮೇಲೆ ಹೋಗಿ ನೋಡಿದರೆ ಕುಂಬಳಕಾಯಿ ಒಣಗಿ ಬುರುಡೆಯಾಗಿದೆ, ಕಾಟಪ್ಪನ ತೆಂಗಿನ ಹಗ್ಗ ಮಾತ್ರ ಹೊಚ್ಚ ಹೊಸದರ ಹಾಗಿದೆ. ಕಾಯಿ ಬೀಳದಿರಲಿ ಎಂದು ಆ ಪುಣ್ಯಾತ್ಮ ಹಗ್ಗವನ್ನು ಬಾಲಕ್ಕೆ ಸುತ್ತಿ, ಅಲ್ಲಿಂದ ಎಳೆದು ಕಂಬದ ಚೌಕಟ್ಟಿಗೂ ಸುತ್ತಿ, ಎಮ್ಮೆ ಕಟ್ಟುವ ಹಾಗೆ ಬಿಗಿದಿದ್ದ. ಮೂಡಗಾಳಿಯಲ್ಲಿ ಕಟ್ಟಿದ್ದು, ಹಾಗಾಗಿ ಚಕ್ರ ಮೂಡಣಕ್ಕೇ ಮುಖ ಮಾಡಿಕೊಂಡು ಉಳಿದಿತ್ತು. ಗಾಳಿಯಲ್ಲೂ ದೋಷವಿಲ್ಲ, ಯಂತ್ರದಲ್ಲೂ ಇಲ್ಲ. ದೋಷವಿದ್ದದ್ದು ದೃಷ್ಟಿ ತಾಗದಿರಲೆಂದು ಕಟ್ಟಿದ ಹಗ್ಗದಲ್ಲಿ, ಅದು ಕೆಳಗೆ ನಿಂತವರಿಗೆ ಕಾಣುವಂತಿರಲಿಲ್ಲ.

ದೃಷ್ಟಿಗೆ ಕಟ್ಟಿದ್ದನ್ನು ಪರರು ಬಿಚ್ಚಬಾರದು ಎಂಬುದು ಅವನಿಗೂ ಗೊತ್ತು. ಇಳಿದು ಬಂದು ಗಿರಿಯಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಒಳಗೆ ಹೋಗಿ ಕುಡುಗೋಲು ತಂದು ಅವನ ಕೈಗೆ ಕೊಟ್ಟಳು. ಅವನು ಮತ್ತೆ ಹತ್ತಿ ಹಗ್ಗ ಕೊಯ್ದ. ಬಾಲ ಒಮ್ಮೆ ನರಳಿ ಹೊರಳಿತು, ಚಕ್ರ ಗಾಳಿಗೆ ಮುಖ ಕೊಟ್ಟಿತು, ಅವನು ತಲೆ ತಗ್ಗಿಸಿಕೊಳ್ಳುವಷ್ಟರಲ್ಲಿ ತಿರುಗತೊಡಗಿತು. ಕೆಳಗೆ ಕಾಲುವೆಯಲ್ಲಿ ನೀರು ಬಿದ್ದ ಸದ್ದು ಅವನಿಗೆ ಅಲ್ಲಿಗೇ ಕೇಳಿಸಿತು. ಅವನಿಗೆ ಸಂತೋಷವಾಯಿತು, ಆ ಸಂತೋಷದ ಬೆನ್ನಿಗೇ ಅವತ್ತು ತಾನು ಎಸೆದು ಹೋದ ಮಾತೂ ನೆನಪಾಯಿತು.

"ಅವತ್ತೇ ಹತ್ತಿದ್ರೆ ನನ್ನ ಎಮ್ಮೆ ಉಳೀತಿದ್ವು, ತಮ್ಮಾ" ಎಂದಳು ಗಿರಿಯಮ್ಮ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದ ಅವನು ನೇರ ಮಂಡಿಪೇಟೆಗೆ ಬಂದು ಉಜ್ಜನಪ್ಪನ ಮುಂದೆ ನಿಂತ. ನಾನು ಹೇಳಿದ್ದು ತಪ್ಪು, ಚಕ್ರ ಚೆನ್ನಾಗಿ ತಿರುಗುತ್ತದೆ, ಎಲ್ಲರಿಗೂ ಹೇಳಬೇಕು ಎಂದ. ಜಗಳಕ್ಕೆ ತಯಾರಾಗಿಯೇ ಬಂದಿದ್ದ. ಉಜ್ಜನಪ್ಪನ ಮುಖ ಅರಳಿತು. "ಒಳ್ಳೇದಾತು ಬಿಡ್ರಿ ಸಾಬ್ರೆ. ಒಳ್ಳೆ ವಸ್ತು ಅಂದ್ರೆ ನಾವೇ ಮಾರಾಣ." ತಿಂಗಳು ತುಂಬುವುದರೊಳಗೆ ಓಡಾಡಿ ಇಡೀ ಜಿಲ್ಲೆಗೆ ಗಾಳಿಚಕ್ರದ ಏಜೆನ್ಸಿ ತಂದ. ಲಾರಿಯಲ್ಲಿ ಪೆಟ್ಟಿಗೆಗಳು ಬಂದು ಗೋದಾಮು ಸೇರಿದವು. ಸಿಕಂದರ್‌ಗೆ ಸಂಬಳ ಗೊತ್ತುಮಾಡಿ, ಬೆತ್ತದ ಕುರ್ಚಿ ಹಾಕಿಸಿ, ಗಾಳಿಚಕ್ರದ ಮೆಕ್ಯಾನಿಕ್ ಎಂದು ಗೋಡೆಗೆ ಹೆಸರನ್ನೂ ಬರೆಸಿದ. ಸತ್ಯಕ್ಕೆ ಇಷ್ಟು ಬೇಗ ಮರ್ಯಾದೆ ಸಿಕ್ಕಿದ್ದನ್ನು ಸಿಕಂದರ್ ಕಂಡದ್ದು ಅದೇ ಮೊದಲು, ಕಣ್ಣಲ್ಲಿ ನೀರು ಬಂತು.

ರಶೀದಾಗೂ ನೆಮ್ಮದಿ. ಮನೆಯ ಸೋರುವ ತಗಡು ಬದಲಾಯಿತು. ಗಂಡ ಯಾವ ಹೊತ್ತಿಗೆ ಮನೆಗೆ ಬರುತ್ತಾನೆ ಎಂಬುದು ಮದುವೆಯಾದ ಮೇಲೆ ಮೊದಲ ಸಲ ಅವಳಿಗೆ ತಿಳಿಯುವಂತಾಯಿತು.

ಕೂರುವುದು ಮಾತ್ರ ಅವನಿಗೆ ಬರಲಿಲ್ಲ. ಚಕ್ರ ಮಾರಾಟವಾದರೆ ತಾನೇ ಮೆಕ್ಯಾನಿಕ್ಕಿಗೆ ಕೆಲಸ? ಮಳೆಗಾಲ ಹೋಯಿತು, ಸುಗ್ಗಿ ಹೋಯಿತು, ಪೆಟ್ಟಿಗೆಯ ಒಂದು ಮೊಳೆಯೂ ಏಳಲಿಲ್ಲ. ಅವನು ಕುರ್ಚಿಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋದಾಮಿಗೆ ಓಡಾಡಿ ನೆಲ ಸವೆಸಿದ. ಚಕ್ರ ಕೇಳಿಕೊಂಡು ಬರುವವರು ಇರಲಿಲ್ಲವೆಂದಲ್ಲ. ಬಂದರೆ ಉಜ್ಜನಪ್ಪ ತಾನೇ ಎದ್ದು ಅವರನ್ನು ಕುರ್ಚಿಯ ಹತ್ತಿರ ಕರೆತರುತ್ತಿದ್ದ. "ಇವರೇ ನೋಡ್ರಿ ನಮ್ಮ ಗಾಳಿಚಕ್ರದೋರು. ಇದರ ವಿಚಾರ ಹೇಳಾಕಂತಲೇ ಸಂಬಳ ಕೊಟ್ಟು ಇಟ್ಕಂಡೀವಿ." ಸಿಕಂದರ್ ಆಸೆಯಿಂದ ಎದ್ದು ನಿಂತು ಬಾತಿಯ ಚಕ್ರದ ಕಥೆ ಹೇಳುತ್ತಿದ್ದ, ಹಗ್ಗದ ಕಥೆಯನ್ನೂ ಮುಚ್ಚಿಡದೆ ಹೇಳುತ್ತಿದ್ದ. ಅವರು ತಲೆದೂಗಿ ಕೇಳುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಹೋಗುವಾಗ ಎಂಜಿನ್ ಗೊತ್ತುಮಾಡಿ ಹೋಗುತ್ತಿದ್ದರು. ತಾನು ಹೇಳುವ ರೀತಿಯಲ್ಲೇ ಏನೋ ಕೊರತೆಯಿದೆ ಎಂದು ಅವನು ದಿನದಿನಕ್ಕೆ ದನಿ ಏರಿಸಿದ. ಏರಿಸಿದಷ್ಟೂ ಅವರು ಬೇಗ ಎದ್ದು ಹೋಗುತ್ತಿದ್ದರು.

ಎರಡನೆಯ ಬೇಸಿಗೆಯಲ್ಲಿ ಮಾಯಕೊಂಡದ ಮಾಲತೇಶಪ್ಪ ಎಂಜಿನ್ನಿಗೆ ಬೆಲ್ಟು ಕೊಳ್ಳಲು ಬಂದ. ಹಳೆಯ ಸ್ನೇಹ, ಸಿಕಂದರ್ ಅವನನ್ನು ಬಿಡಲಿಲ್ಲ. ಪಾಯ ಹಾಗೇ ಇದೆಯಲ್ಲ, ಚಕ್ರ ಹಾಕಿಸು, ಬಂಗಾರದಂಥ ವಸ್ತು ಎಂದು ತೋಳು ಹಿಡಿದುಕೊಂಡು ಹೇಳಿದ. ಮಾಲತೇಶಪ್ಪ ಗೋಡೆಯ ಮೇಲೆ ಬರೆದ ಹೆಸರನ್ನು ನೋಡಿದ, ಕುರ್ಚಿಯನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಸಾಬ್ರೆ, ಅವತ್ತು ಪುಕ್ಕಟೆ ಹೇಳಿದ್ರಿ, ಒಗ್ಗಂಗಿಲ್ಲ ಅಂತ. ಇವತ್ತು ಸಂಬಳ ತಗಂಡು ಹೇಳ್ತೀರಿ, ಬಂಗಾರ ಅಂತ. ನೀವೇ ಹೇಳ್ರಿ, ಯಾವ್ದನ್ನ ನಂಬ್ಲಿ?"

ಹಿಡಿದಿದ್ದ ತೋಳನ್ನು ಸಿಕಂದರ್ ಬಿಟ್ಟ. ಮಾಲತೇಶಪ್ಪ ಬೆಲ್ಟು ಹೆಗಲಿಗೆ ಹಾಕಿಕೊಂಡು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಉಜ್ಜನಪ್ಪ ತನ್ನನ್ನು ಸುಮ್ಮನಿರಿಸಲು ಸಂಬಳ ಕೊಡುತ್ತಿಲ್ಲ. ಹೊಗಳು, ಬೇಕಾದಷ್ಟು ಹೊಗಳು ಎಂದು ಕೊಡುತ್ತಿದ್ದಾನೆ. ಆ ಸಂಬಳದ ಮಾತನ್ನು ಗಿರಾಕಿಯ ಕಿವಿಗೆ ಮೊದಲು ಹಾಕಿ ಆಮೇಲೆ ತನ್ನ ಬಾಯಿ ತೆರೆಸುತ್ತಿದ್ದಾನೆ. ಬಾಯಿ ತೆರೆದಷ್ಟು ಸಲವೂ ತನ್ನ ಒಳ್ಳೆಯ ಮಾತು ಸವೆಯುತ್ತದೆ, ಆತುರದಲ್ಲಿ ಎಸೆದ ಆ ಹಳೆಯ ಮಾತು ಮಾತ್ರ ಹೊಸದಾಗಿಯೇ ಉಳಿಯುತ್ತದೆ. ಇಷ್ಟು ದಿನ ಇದು ತಿಳಿಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಒಳಗೆ ಹೋಗಿ ಕೇಳಿಯೇಬಿಟ್ಟ, ಇಷ್ಟು ದಿನದಲ್ಲಿ ಎಷ್ಟು ಚಕ್ರ ಮಾರಿದಿರಿ ಎಂದು. ಯಾರೂ ಕೊಳ್ಳಲಿಲ್ಲವಲ್ಲ, ನಾನೇನು ಮಾಡಲಿ ಎಂದ ಉಜ್ಜನಪ್ಪ, ಮತ್ತು ತನ್ನ ಮೆಲುದನಿಯಲ್ಲೇ ಇನ್ನೊಂದು ಮಾತು ಸೇರಿಸಿದ. "ನಾನು ಆ ಚಕ್ರದ ಮ್ಯಾಲೆ ಒಂದಾದ್ರೂ ಕೆಟ್ಟ ಮಾತು ಆಡೀನೇನ್ರಿ ಸಾಬ್ರೆ? ನೆನಪು ಮಾಡ್ಕಳ್ರಿ."

ಸಿಕಂದರ್ ನೆನಪು ಮಾಡಿಕೊಂಡ. ಆಡಿರಲಿಲ್ಲ. ಊರೂರಿನಲ್ಲಿ ಓಡಾಡುತ್ತಿದ್ದ ಕೆಟ್ಟ ಮಾತು ಒಂದೇ, ಅದು ತನ್ನದು. ಅವನು ಕಟ್ಟೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಪಾನಾ ಚೀಲವನ್ನು ಎತ್ತಿ ಸೈಕಲ್ಲಿಗೆ ಸಿಕ್ಕಿಸಿದ. ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಹೊರಟ. ನಿಮ್ಮಿಷ್ಟ, ಕುರ್ಚಿ ಇದ್ದಲ್ಲೇ ಇರುತ್ತದೆ ಎಂದ ಉಜ್ಜನಪ್ಪ. ಮನೆಯಲ್ಲಿ ರಶೀದಾ ಸುದ್ದಿ ಕೇಳಿ ಬೀಡಿಯ ಎಲೆ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟಳು. ತುಂಬ ಹೊತ್ತು ಚಾವಣಿಯ ಹೊಸ ತಗಡನ್ನು ನೋಡಿ, ಅದನ್ನಂತೂ ಅವರು ಕಿತ್ತುಕೊಂಡು ಹೋಗಲಾರರಲ್ಲ ಎಂದಳು. ಮತ್ತೆ ಕತ್ತರಿ ಕೈಗೆತ್ತಿಕೊಂಡಳು.

ಸಂಬಳ ಬಿಟ್ಟರೆ ಮಾತು ತಾನಾಗಿ ವಾಪಸ್ಸು ಬರುತ್ತದೆ ಎಂದು ಸಿಕಂದರ್ ಅಂದುಕೊಂಡಿದ್ದ. ಮರುದಿನ ಮಾಯಕೊಂಡಕ್ಕೆ ಒಂದೇ ಉಸಿರಿಗೆ ಸೈಕಲ್ ತುಳಿದು, ಈಗ ನಂಬು, ಕೆಲಸ ಬಿಟ್ಟು ಬಂದೆ ಎಂದು ಮಾಲತೇಶಪ್ಪನಿಗೆ ಹೇಳಿದ. ಮಾಲತೇಶಪ್ಪ ಬದನೆ ಗಿಡದಿಂದ ತಲೆಯೆತ್ತಿ ಶಾಂತವಾಗಿ ಕೇಳಿದ: "ಬಿಟ್ರೋ, ಬಿಡಿಸಿದ್ರೋ?"

ಸಿಕಂದರ್‌ಗೆ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಯಾವತ್ತಿನಂತೆ ಎಸೆದುಬಿಡುವವನಿದ್ದ. ಮೊದಲ ಸಲ ಅದನ್ನು ನುಂಗಿದ. ಇನ್ನು ಏನು ಹೇಳಿದರೂ ಅದಕ್ಕೊಂದು ಕಾರಣ ಹುಡುಕುತ್ತಾರೆ, ಸಂಬಳದ್ದು ಹೋಯಿತು, ಇನ್ನು ಹೊಟ್ಟೆಕಿಚ್ಚಿನದು. ಹಾಗಾಗಿ ಮಾತು ಬಿಟ್ಟು ಕೈ ಹಿಡಿದ. ಕೈ ತೊಳೆದುಕೊ, ಬಾತಿಗೆ ಹೋಗಿ ಬರೋಣ ಎಂದ.

ಬಾತಿಯಲ್ಲಿ ಅಂದು ಗಾಳಿ ಸಾಧಾರಣವಾಗಿತ್ತು. ಗಿರಿಯಮ್ಮನ ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು, ಅವಳ ಎಂಜಿನ್ನು ಗುಂಡಿಯಲ್ಲಿ ಗೋಣಿತಾಟು ಹೊದ್ದು ಮಲಗಿತ್ತು. ಮಾಲತೇಶಪ್ಪ ಕಾಲುವೆಯಲ್ಲಿ ಕೈ ಇಟ್ಟ, ಬಳ್ಳಿ ಮುಟ್ಟಿ ನೋಡಿದ, ಕೊನೆಗೆ ಪಂಚೆ ಎತ್ತಿ ಕಟ್ಟಿ ಕಂಬ ಹತ್ತಿದ. ಸಿಕಂದರ್ ಒಂದು ಮಾತೂ ಆಡದೆ ಕೆಳಗೆ ನಿಂತಿದ್ದ. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟದ ಕೆಲಸ ಎಂದು ಅವನಿಗೆ ತಿಳಿದಿರಲಿಲ್ಲ. ಮಾಲತೇಶಪ್ಪ ಇಳಿದು ಬಂದು ಮುಖ ಒರೆಸಿಕೊಂಡ. ಯಂತ್ರ ಚೆನ್ನಾಗಿದೆ ಎಂದು ಒಪ್ಪಿಕೊಂಡ. "ಆದ್ರೆ ಜಿಲ್ಲೆಗೆಲ್ಲ ಇದನ್ನ ಕೊಡೋ ಅಂಗಡಿ ಒಂದೇ ಐತಲ್ರೀ. ಅದು ಮಂಡಿಪೇಟ್ಯಾಗೈತೆ" ಎಂದ.

ಗೋದಾಮಿನಲ್ಲಿ ಮೊಳೆ ಏಳದ ಪೆಟ್ಟಿಗೆಗಳು ಸಿಕಂದರ್‌ನ ಕಣ್ಣಿಗೆ ಕಟ್ಟಿದವು. ಉಜ್ಜನಪ್ಪ ಅವುಗಳನ್ನು ಕೊಂಡದ್ದು ಯಾರಿಗೂ ಸಿಗದಿರಲಿ ಎಂದೇ. ಆಗ ಗಿರಿಯಮ್ಮ ದನದ ಕೊಟ್ಟಿಗೆಗೆ ಹೋಗಿ ಒಂದು ಹಗ್ಗ ತಂದಳು. ಕಾಟಪ್ಪನ ತೆಂಗಿನ ಹಗ್ಗ, ಸಿಕಂದರ್ ಕೊಯ್ದದ್ದು. ಅದನ್ನು ಅವಳು ಎಸೆದಿರಲಿಲ್ಲ. ಇದರಿಂದಲೇ ಈ ಚಕ್ರದ ಅಳತೆ ತಗೊಂಡು ಇಂಥದೇ ಇನ್ನೊಂದು ಮಾಡಿಸಿಕೊಳ್ಳಿ, ಹರಿಹರದ ತುಂಬ ಲೇತ್ ಅಂಗಡಿಗಳಿವೆಯಲ್ಲ ಎಂದಳು. ಸಿಕಂದರ್ ಹಗ್ಗದ ಒಂದು ತುದಿ ಹಿಡಿದು ಮೇಲೆ ಹತ್ತಿದ. ಇನ್ನೊಂದು ತುದಿಯನ್ನು ಯಾರಾದರೂ ಹಿಡಿಯಬೇಕಿತ್ತು. ಮಾಲತೇಶಪ್ಪ ಕ್ಷಣ ಹೊತ್ತು ನೋಡಿ, ಬಂದು ಹಿಡಿದುಕೊಂಡ.

ಚಕ್ರ ತಯಾರಾಗಲು ಒಂದು ವರ್ಷ ಹಿಡಿಯಿತು. ಹರಿಹರದ ಲೇತ್ ಅಂಗಡಿಯ ಕಲ್ಲಪ್ಪ ಬಿಡುವಿದ್ದಾಗ ಮಾಡಿಕೊಟ್ಟ. ಎರಡು ಸಲ ಬೇರಿಂಗ್ ಕಚ್ಚಿ ನಿಂತಿತು, ಒಂದು ಸಲ ಗಾಳಿಗೆ ಅರ್ಧ ಚಕ್ರವೇ ಕಿತ್ತು ಬದನೆ ಮಡಿಗೆ ಬಿತ್ತು. ರೆಕ್ಕೆಗಳಿಗೆ ಹೊಸ ತಗಡು ಕೊಳ್ಳುವ ಶಕ್ತಿಯಿಲ್ಲದೆ ಗುಜರಿಯಿಂದ ಹಳೆಯ ಡೀಸೆಲ್ ಪೀಪಾಯಿ ತಂದು ಸೀಳಿ ಬಡಿದು ಹಾಕಿದರು. ಹೀಗಾಗಿ ಮಾಲತೇಶಪ್ಪನ ಪಾಯದ ಮೇಲೆ ಎದ್ದ ಚಕ್ರ ಸೊಟ್ಟಪಟ್ಟಗಿತ್ತು, ತಿರುಗಿದರೆ ಲಟಲಟ ಎಂದು ಮೂರು ಹೊಲದಾಚೆಗೆ ಕೇಳುತ್ತಿತ್ತು. ಆ ಸದ್ದು ಕೇಳಿಯೇ ಜನ ಬರತೊಡಗಿದರು. ಇಷ್ಟು ಸದ್ದು ಮಾಡುತ್ತದೆ ಎಂದ ಮೇಲೆ ಇದು ಖಂಡಿತ ಕೆಲಸ ಮಾಡುವ ಯಂತ್ರವೇ ಇರಬೇಕು ಎಂದು ಅವರಿಗೂ ಅನ್ನಿಸಿರಬೇಕು.

ಮಂಡಿಪೇಟೆಯಲ್ಲಿ ಎಂಜಿನ್ ವ್ಯಾಪಾರ ನಿಲ್ಲಲಿಲ್ಲ. ಉಜ್ಜನಪ್ಪನ ಚಹಾ ನಿಲ್ಲಲಿಲ್ಲ, ಗೋದಾಮಿನ ಪೆಟ್ಟಿಗೆಗಳೂ ಹೊರಗೆ ಬರಲಿಲ್ಲ. ಸಿಕಂದರ್ ಹಳೆಯ ಹಾಗೆ ಬಾವಿಯಿಂದ ಬಾವಿಗೆ ಸೈಕಲ್ ತುಳಿಯುತ್ತಿದ್ದ. ದಾರಿಯಲ್ಲಿ ಸಿಕ್ಕವರು ಹಳೆಯ ಹಾಗೇ ಅವನನ್ನು ತಡೆದು ಕೇಳುತ್ತಿದ್ದರು, ಹೆಂಗೆ ಸಾಬ್ರೆ, ನಮ್ಮ ಗಾಳಿಗೆ ಅದು ಒಗ್ಗತೈತಾ ಎಂದು.

ಅವನು ಸೈಕಲ್ಲಿನಿಂದ ಇಳಿಯುತ್ತಿದ್ದ. "ನನ್ನ ಮಾತು ಕೇಳಬ್ಯಾಡ್ರಿ. ಬರ್ರಿ, ಹತ್ತಿ ನೋಡ್ರಿ" ಎಂದು ಅವರನ್ನು ಕರೆದುಕೊಂಡು ಹೋಗಿ ಕಂಬದ ಬುಡದಲ್ಲಿ ನಿಲ್ಲುತ್ತಿದ್ದ. ಆ ಕಡೆ ಯಾವುದೋ ಬಾವಿಯಲ್ಲಿ ಎಂಜಿನ್ ಹೊಡೆತ ತಪ್ಪುತ್ತಿರುವುದು ಅವನ ಕಿವಿಗೆ ಬೀಳುತ್ತಿತ್ತು, ಕಾಲು ತುರಿಸುತ್ತಿದ್ದವು. ಆದರೂ ಹತ್ತಿದವರು ನೋಡಿ ಇಳಿದು ಬರುವ ತನಕ ಅವನು ಅಲ್ಲೇ ಕಾಯುತ್ತಿದ್ದ.